ಲಾಳಿಯ ಊಟ

ಚಳ್ಳಕೆರೆ
೯ ಜೂನ್ ೧೯೯೮

ಪ್ರೀತಿಯ ರಾಧೆ,

ಎರಡು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕು, ಬರೆದರೆ ಅದು ಮುಕ್ಕಾಲು ಪಾಲು ನಿಜ. ನಮ್ಮವರು, ಅತ್ತೆ, ಮೈದುನ ಸಿದ್ದಲಿಂಗೇಶ ಮೂವರೂ ಚೆನ್ನಾಗಿದ್ದಾರೆ. ಶೇಂಗಾ ಮಂಡಿ ನಡೆಯುತ್ತಿದೆ. ಚೆನ್ನಾಗಿಲ್ಲದವಳು ಲಾಳಿ.

ನಿನ್ನ ಮನೆಯಿಂದ ಬುಟ್ಟಿಯಲ್ಲಿಟ್ಟುಕೊಂಡು ಬಂದ ಮರಿ ಈಗ ಮೈತುಂಬಿದ ಬೆಕ್ಕು. ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತದೆ ಎಂದು ನೀನಿಟ್ಟ ಹೆಸರನ್ನೇ ಉಳಿಸಿಕೊಂಡಿದ್ದೇವೆ. ಹದಿನೈದು ದಿನದಿಂದ ಆ ಓಟ ನಿಂತಿದೆ. ಕಿಟಕಿಗೆ ಹಾರಲು ಹೋಗಿ ಗೋಡೆಗೆ ಬಡಿದುಕೊಂಡು ಬೀಳುತ್ತಾಳೆ. ಹಾಲಿನ ತಟ್ಟೆ ಎದುರಿಗಿದ್ದರೂ ಕಾಲಿಟ್ಟು ತುಳಿದ ಮೇಲೆಯೇ ಅವಳಿಗೆ ಗೊತ್ತಾಗುವುದು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇರುತ್ತದೆ.

ಇವಳ ತಾಯಿಗೆ ಕಣ್ಣಿನ ದೋಷ ಏನಾದರೂ ಇತ್ತೇ? ಅಣ್ಣತಮ್ಮಂದಿರಿಗೆ? ಕೇಳಲು ನನಗೆ ನಿನ್ನನ್ನು ಬಿಟ್ಟರೆ ಯಾರಿದ್ದಾರೆ. ಮಕ್ಕಳಿಲ್ಲದ ಈ ಮನೆಯಲ್ಲಿ ನನ್ನ ಸೆರಗು ಹಿಡಿದು ಓಡಾಡುವ ಜೀವ ಇದೊಂದೇ. ಇದು ಕುರುಡಾದರೆ ನಾನು ತಡೆಯಲಾರೆ.

ನಿನ್ನ
ಶಿವಬಸಮ್ಮ

•

ಮೊಳಕಾಲ್ಮೂರು
೧೭ ಜೂನ್ ೧೯೯೮

ಶಿವಬಸಮ್ಮನವರಿಗೆ,

ತಾವು ಬರೆದ ಕಾಗದ ಮುಟ್ಟಿತು. ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ನನಗಾಗಿ ಎರಡು ವರ್ಷ ಬಾರದ ಕಾಗದ ಬೆಕ್ಕಿಗಾಗಿ ಬಂತು. ಬೆಕ್ಕಿನ ಹಣೆಬರಹ ನನ್ನದಕ್ಕಿಂತ ಚೆನ್ನಾಗಿದೆ.

ತಾವು, ನೀವು ಎಂದು ಬರೆದು ಕೈ ನೋಯುತ್ತಿದೆ. ಇನ್ನು ನೀನು ಎಂದೇ ಬರೆಯುತ್ತೇನೆ. ಸಿಟ್ಟು ಹೋಗಿದೆ ಎಂದು ಮಾತ್ರ ತಿಳಿದುಕೊಳ್ಳಬೇಡ.

ಲಾಳಿಯ ತಾಯಿ ಕರಿಯವ್ವ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ. ಒಂಬತ್ತು ವರ್ಷವಾಯಿತು, ಮಗ್ಗದ ಗುಂಡಿಯ ಕತ್ತಲಲ್ಲಿ ಇಲಿಯ ಬಾಲ ಅಲ್ಲಾಡಿದರೂ ಅವಳಿಗೆ ಕಾಣುತ್ತದೆ. ಅವಳಿರುವುದರಿಂದ ನಮ್ಮ ರೇಷ್ಮೆ ನೂಲು ಉಳಿದಿದೆ. ನಮ್ಮ ಯಜಮಾನರು ಚಿಕ್ಕೀರಪ್ಪ, ನಿನಗೆ ಗೊತ್ತಲ್ಲ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವರೂ ಹೇಳುತ್ತಾರೆ, "ಈ ಮನ್ಯಾಗೆ ಕೂಲಿ ಕೇಳದಂಗೆ ದುಡಿಯೋಳು ಇವಳೊಬ್ಬಳೇ ನೋಡು" ಅಂತ. ನಾನು ಹಗಲೆಲ್ಲ ನೂಲು ಸುತ್ತುವುದು ಅವರ ಕಣ್ಣಿಗೆ ಬಿದ್ದಿಲ್ಲ. ಲಾಳಿಯ ಜೊತೆ ಹುಟ್ಟಿದ ಎರಡು ಗಂಡು ಮರಿಗಳೂ ಓಣಿಯಲ್ಲಿ ರೌಡಿಗಳ ಹಾಗೆ ತಿರುಗುತ್ತಿವೆ. ವಂಶದ ದೋಷ ಅಲ್ಲ ಇದು.

ಅವಳಿಗೆ ಏನು ತಿನ್ನಿಸುತ್ತಿದ್ದೀಯ? ಇಲಿ ಹಿಡಿಯುತ್ತಾಳೆಯೇ? ಇದ್ದದ್ದು ಇದ್ದ ಹಾಗೆ ಬರೆ. ದನದ ಆಸ್ಪತ್ರೆಯ ಡಾಕ್ಟರಿಗೂ ಒಮ್ಮೆ ತೋರಿಸು, ಹರಕೆ ಗಿರಕೆ ಎಂದು ದಿನ ದೂಡಬೇಡ.

ರಾಧಮ್ಮ

•

ಚಳ್ಳಕೆರೆ
೨೬ ಜೂನ್ ೧೯೯೮

ಪ್ರೀತಿಯ ರಾಧೆ,

ನೀನು ಬೈದರೂ ಬರೆದೆಯಲ್ಲ, ಅಷ್ಟು ಸಾಕು. ಡಾಕ್ಟರಿಗೆ ತೋರಿಸಿದೆ. ಮಹಾಂತೇಶ್ ಅಂತ ಹೊಸಬರು. ಎಮ್ಮೆ ಆಕಳುಗಳ ಸಾಲಿನಲ್ಲಿ ನಾನು ಬುಟ್ಟಿ ಹಿಡಿದು ನಿಂತದ್ದನ್ನು ನೋಡಿ, ಮೊಟ್ಟೆ ಮಾರಲು ಬಂದವಳು ಅಂದುಕೊಂಡರಂತೆ.

ಲಾಳಿಯ ಕಣ್ಣಿಗೆ ಟಾರ್ಚು ಬಿಟ್ಟರು. ಪಾಪೆ ಚಿಕ್ಕದಾಗಲೇ ಇಲ್ಲ. "ಏನು ಹಾಕ್ತೀರಮ್ಮ ಇದಕ್ಕೆ?" ಎಂದರು.

ನಾನು ಹೆಮ್ಮೆಯಿಂದಲೇ ಹೇಳಿದೆ. ಬೆಳಿಗ್ಗೆ ಆಕಳ ಹಾಲು, ಅದೂ ನೀರು ಬೆರೆಸದ್ದು. ಮಧ್ಯಾಹ್ನ ತುಪ್ಪ ಕಲಸಿದ ಅನ್ನ. ಸಂಜೆ ಹಾಲಿನಲ್ಲಿ ನೆನೆಸಿದ ಸಜ್ಜೆ ರೊಟ್ಟಿ. ಹಬ್ಬಕ್ಕೆ ಹೋಳಿಗೆಯ ಹೂರಣ. "ನಾವು ಉಣ್ಣೋದನ್ನೇ ಹಾಕ್ತೀವಿ ಡಾಕ್ಟ್ರೇ, ಒಂದಿನಾನೂ ಭೇದ ಮಾಡಿಲ್ಲ" ಎಂದೆ.

ಅವರು ಟಾರ್ಚು ಆರಿಸಿ ಮೇಜಿನ ಮೇಲಿಟ್ಟರು. "ನೀವು ಉಣ್ಣೋದು ನಿಮಗೆ ಸರಿ ಐತಮ್ಮ. ಇದು ಬೆಕ್ಕು. ಮೀನು, ಮಾಂಸ, ಇಲಿ, ಇವುಗಳಲ್ಲಿ ಒಂದು ಸತ್ವ ಐತೆ. ಅದು ಸಿಗದಿದ್ರೆ ಇದರ ಕಣ್ಣಿನ ಪರದೆ ಒಣಗ್ತಾ ಹೋಗ್ತದೆ. ಆಮೇಲೆ ಗುಂಡಿಗೆ. ಹೋದ ದೃಷ್ಟಿ ವಾಪಸ್ ಬರಲ್ಲ. ಉಳಿದದ್ದನ್ನ ಉಳಿಸ್ಕೋಬಹುದು, ಇವತ್ತಿಂದಲೇ ಶುರು ಮಾಡಿದ್ರೆ" ಎಂದರು. ನನ್ನ ಹಣೆಯ ವಿಭೂತಿ ನೋಡಿ, "ನಾನೂ ನಿಮ್ಮವನೇ, ನಾನೂ ತಿನ್ನಲ್ಲ. ಆದ್ರೆ ನಾನು ಬೆಕ್ಕಲ್ಲವಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಇಲಿಯ ವಿಷಯ ಕೇಳಿದ್ದೀಯ. ಬಂದ ಹೊಸತರಲ್ಲಿ ಒಂದು ಇಲಿ ಹಿಡಿದು ತಂದು ದೇವರ ಕೋಣೆಯ ಹೊಸಿಲ ಮೇಲೆ ಇಟ್ಟಳು. ಅತ್ತೆ ಲಿಂಗಪೂಜೆಗೆ ಕೂತಿದ್ದರು. ಅಂದಿನಿಂದ ಗೋದಾಮಿನ ಕಡೆಯ ಬಾಗಿಲು ಮುಚ್ಚಿಸಿದೆವು. ಆಮೇಲೆ ಲಾಳಿ ಹಾಲು ಅನ್ನಕ್ಕೆ ಎಷ್ಟು ಒಗ್ಗಿಕೊಂಡಳು ಎಂದರೆ ಅತ್ತೆ ದಿನಾ ಅವಳ ಹಣೆಗೂ ವಿಭೂತಿ ಹಚ್ಚುತ್ತಿದ್ದರು. ಬಂದವರಿಗೆಲ್ಲ "ನಮ್ಮ ಬೆಕ್ಕು ಮಾಂಸ ಮುಟ್ಟಲ್ಲ, ಶರಣೆ" ಎಂದು ತೋರಿಸುತ್ತಿದ್ದರು. ಅದನ್ನು ಕೇಳಿ ನನಗೂ ಖುಷಿಯಾಗುತ್ತಿತ್ತು. ಎರಡು ವರ್ಷ ಆ ಖುಷಿಯಲ್ಲೇ ಅವಳ ಕಣ್ಣು ತೆಗೆದೆವು ರಾಧೆ.

ಈ ಮನೆಯ ಹೊಸಿಲು ದಾಟಿ ಮೀನು ಬಂದದ್ದಿಲ್ಲ. ವಿಷಯ ತಿಳಿದು ಅತ್ತೆ, "ಎಲ್ಲಿಂದ ತಂದ್ಯೋ ಅಲ್ಲಿಗೇ ಬಿಟ್ಟು ಬಾ. ಅಲ್ಲಾದ್ರೆ ಅದರ ಊಟ ಅದಕ್ಕೆ ಸಿಗ್ತದೆ" ಎನ್ನುತ್ತಿದ್ದಾರೆ. ನಮ್ಮವರು ಕಲ್ಲೇಶಪ್ಪ ಎಂದಿನಂತೆ ಪೇಪರಿನ ಹಿಂದೆ. ಲಾಳಿಯನ್ನು ನೀನು ವಾಪಸ್ ಇಟ್ಟುಕೊಳ್ಳುತ್ತೀಯಾ? ಕೇಳುವುದು ಕೇಳಿದ್ದೇನೆ. ಇಲ್ಲ ಎನ್ನು ಎಂದು ಮನಸ್ಸು ಬೇಡಿಕೊಳ್ಳುತ್ತಿದೆ.

ನಿನ್ನ
ಶಿವಬಸಮ್ಮ

•

ಮೊಳಕಾಲ್ಮೂರು
೪ ಜುಲೈ ೧೯೯೮

ಶಿವಬಸಮ್ಮಾ,

ಇಲ್ಲ. ಇಟ್ಟುಕೊಳ್ಳುವುದಿಲ್ಲ.

ನಿನ್ನ ಮೇಲಿನ ಸಿಟ್ಟಿಗೆ ಹೇಳುತ್ತಿಲ್ಲ. ಇಲ್ಲಿ ಮಗ್ಗದ ಗುಂಡಿಯಿದೆ, ಬಾಗಿಲಿನಾಚೆ ನಾಯಿಗಳಿವೆ. ಕಣ್ಣು ಮಂಜಾದವಳು ಹೊಸ ಜಾಗದಲ್ಲಿ ವಾರ ಬದುಕುವುದಿಲ್ಲ. ನಿನ್ನ ಮನೆಯ ಮೂಲೆ ಮೂಲೆ ಅವಳ ಕಾಲಿಗೆ ಗೊತ್ತು. ಅವಳು ಅಲ್ಲೇ ಇರಬೇಕು, ಊಟ ಅಲ್ಲಿಗೆ ಬರಬೇಕು.

ಇನ್ನು ಗಮನವಿಟ್ಟು ಓದು. ಒಣಮೀನು ಎಂದರೆ ಎಲ್ಲವೂ ಒಂದೇ ಅಲ್ಲ. ನೀನು ಹೋಗಿ ಯಾವುದೋ ಉಪ್ಪುಮೀನು ತಂದು ಹಾಕಿದರೆ ಕಣ್ಣು ಉಳಿದು ಮೂತ್ರ ಕಟ್ಟೀತು. ನಿಮ್ಮ ಪೇಟೆಯಲ್ಲಿ ಪಾತಮ್ಮ ಅಂತ ಒಬ್ಬಳು ಕೂರುತ್ತಾಳೆ, ನಮ್ಮ ಕಡೆಯಿಂದಲೇ ಅಲ್ಲಿಗೆ ಹೋದವಳು. ಬೆಕ್ಕಿಗೆ ಎಂದು ಹೇಳಿ ಕೇಳು. ಉಪ್ಪು ಹಾಕದೆ ಒಣಗಿಸಿದ ಸಣ್ಣ ಮೀನು ಕೊಡುತ್ತಾಳೆ. ಅಂಚು ಹಳದಿ ತಿರುಗಿದ್ದರೆ ಹಳೆಯದು, ಬೇಡ. ಮುರಿದರೆ ಪಟ್ಟೆಂದು ಮುರಿಯಬೇಕು. ಮೂರು ನೀರಿನಲ್ಲಿ ತೊಳೆದು, ಸ್ವಲ್ಪ ಹೊತ್ತು ಕುದಿಸಿ, ಮುಳ್ಳು ಬಿಡಿಸಿ, ಆ ನೀರಿನ ಸಮೇತ ಹಾಕು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟಿಸಬೇಡ. ಸಿಕ್ಕಾಗ ಹಸಿಮೀನು ಇನ್ನೂ ಒಳ್ಳೆಯದು. ಅನ್ನ ಒಂದು ತುತ್ತು ಇದ್ದರೆ ಮೀನು ಮೂರು ತುತ್ತು ಇರಲಿ, ತಿರುವುಮುರುವು ಮಾಡಬೇಡ. ಹಾಲು ಕಮ್ಮಿ ಮಾಡು. ನಿಮ್ಮ ಗೋದಾಮಿನ ಬಾಗಿಲನ್ನೂ ತೆಗೆ, ಮೂಟೆಗಳ ನಡುವೆ ಇಲಿಗಳು ಬೇಕಾದಷ್ಟಿವೆ.

ಮುಟ್ಟಲು ಅಸಹ್ಯವಾದರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೋ. ಯಾರೂ ನಗುವುದಿಲ್ಲ.

ಮೊದಲ ಸಲಕ್ಕೆ ರಾಂಪುರದ ಸಂತೆಯಿಂದ ತರಿಸಿದ ಮೀನನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಕಂಡಕ್ಟರ್ ನನ್ನ ತಮ್ಮ ಹನುಮಂತರಾಜು, ಸ್ಟ್ಯಾಂಡಿಗೆ ಬಂದು ಇಸಿದುಕೋ. ಜೊತೆಗೆ ಒಂದು ಸ್ಟೀಲ್ ಪಾತ್ರೆಯೂ ಇದೆ. ನಿಮ್ಮ ಮನೆಯ ಪಾತ್ರೆಯಲ್ಲಿ ಮೀನು ಬೇಯಿಸಲು ಅತ್ತೆ ಬಿಡಲಾರರು. ಇದು ನಮ್ಮಲ್ಲಿ ಸುಮ್ಮನೆ ಬಿದ್ದಿತ್ತು, ಇದರಲ್ಲೇ ಬೇಯಿಸು.

ರಾಧಮ್ಮ

•

ಚಳ್ಳಕೆರೆ
೨೧ ಜುಲೈ ೧೯೯೮

ಪ್ರೀತಿಯ ರಾಧೆ,

ಮೀನೂ ಬಂತು, ಪಾತ್ರೆಯೂ ಬಂತು. ಬಿ.ಜಿ. ಕೆರೆ ದಾಟುವಷ್ಟರಲ್ಲಿ ಬಸ್ಸಿನವರೆಲ್ಲ ಮೂಗು ಮುಚ್ಚಿಕೊಂಡು "ಯಾರದ್ರೀ ಇದು?" ಎಂದು ಕೇಳಿದರಂತೆ. ಹನುಮಂತರಾಜು, "ಚಳ್ಳಕೆರೆ ಶೇಂಗಾ ಸಾಹುಕಾರ್ರ ಮನೇದು" ಎಂದು ಬಿಟ್ಟನಂತೆ. ಅರ್ಧ ಬಸ್ಸು ನಂಬಲಿಲ್ಲ, ಇನ್ನರ್ಧ ನಂಬಿತು.

ಹಿತ್ತಲ ಬೇವಿನ ಮರದ ಕೆಳಗೆ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿದೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡು ತೊಳೆದೆ. ಎರಡು ಸಲ ವಾಂತಿಯಾಯಿತು, ಮುಚ್ಚಿಡುವುದು ಏಕೆ. ಮುಳ್ಳು ಬಿಡಿಸುವಾಗ ನಿನ್ನ ಪ್ಲಾಸ್ಟಿಕ್ ಚೀಲ ಜಾರುತ್ತಿತ್ತು, ಬಿಚ್ಚಿ ಎಸೆದು ಬರಿಗೈಯಲ್ಲೇ ಬಿಡಿಸಿದೆ. ಲಾಳಿ ಕೋಣೆಯೊಳಗೆ ಮಲಗಿದ್ದವಳು ವಾಸನೆ ಹಿಡಿದು, ಕಂಬಕ್ಕೆ ಒಮ್ಮೆ, ಒಗೆಯುವ ಕಲ್ಲಿಗೆ ಒಮ್ಮೆ ಹಾಯ್ದುಕೊಂಡು ಬಂದಳು. ತಿನ್ನುವಾಗ ಗಂಟಲಲ್ಲಿ ಗುರ್ ಎಂದಳು. ಎರಡು ವರ್ಷದಲ್ಲಿ ನನ್ನ ಮನೆಯ ಊಟಕ್ಕೆ ಅವಳು ಆ ಸದ್ದು ಮಾಡಿದ್ದೇ ಇಲ್ಲ.

ನೀನು ಕಳಿಸಿದ ಮೀನು ಮುಗಿದ ಮೇಲೆ ನಾನೇ ಪೇಟೆಗೆ ಹೋದೆ. ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದರೂ ಪಾತಮ್ಮ ಕಂಡುಹಿಡಿದಳು. ನಾನು ಒಂದು ರಾಶಿಗೆ ಕೈ ತೋರಿಸಿದ್ದಕ್ಕೆ, "ಬಿಲ್ಲಿಗಲ್ವಾ ಅಕ್ಕಾ, ಬೆಕ್ಕಿಗೆ? ಅದು ಬ್ಯಾಡ, ಉಪ್ಪು ಜಾಸ್ತಿ ಐತೆ. ಮನುಷ್ಯರಿಗೆ ನಡೀತದೆ, ಅದಕ್ಕೆ ನಡೆಯಲ್ಲ" ಎಂದು ಒಳಗಿನ ಡಬ್ಬದಿಂದ ಬೇರೆ ತೆಗೆದುಕೊಟ್ಟಳು.

ನಡುವೆ ಒಂದು ತಮಾಷೆ. ನಮ್ಮ ಶೇಂಗಾ ಮಿಲ್ಲಿನ ಬಿಡಿಭಾಗ ತರಲು ಬೆಂಗಳೂರಿಗೆ ಹೋಗಿದ್ದ ಸಿದ್ದಲಿಂಗೇಶ ಬೆಕ್ಕಿನ ಚಿತ್ರವಿದ್ದ ಪ್ಯಾಕೆಟ್ ತಂದ. ಸಣ್ಣ ಬಿಸ್ಕತ್ತಿನ ಹಾಗೆ ಕಾಳುಗಳು. ಅತ್ತೆಗೆ ಆದ ಸಂತೋಷ ಹೇಳತೀರದು. "ನೋಡು, ಎಷ್ಟು ಚೊಕ್ಕ ಐತೆ. ಇದನ್ನೇ ಹಾಕು, ಆ ಹೊಲಸು ಬಿಡು" ಎಂದು ಅಂಗೈಯಲ್ಲಿ ಸುರಿದುಕೊಂಡು ಮೂಸಿ, ದೇವರ ಕೋಣೆಯ ಪಕ್ಕದ ಗೂಡಿನಲ್ಲಿಟ್ಟರು. ಸಂಜೆ ಸಿದ್ದಲಿಂಗೇಶ ಹಿಂಬದಿಯ ಸಣ್ಣ ಅಕ್ಷರ ಓದಿದ. ಮೀನು, ಕೋಳಿ, ಕೋಳಿಯ ಪಿತ್ತಜನಕಾಂಗ. ಅತ್ತೆ ಎದ್ದು ಬಚ್ಚಲಿಗೆ ಹೋದರು. ತಲೆಯ ಮೇಲೆ ನೀರು ಸುರಿದುಕೊಂಡು ಬಂದು ಕೂತು, "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂಗೆ ನಾವೇ ಆಗಿದ್ವಲ್ಲೇ. ಇನ್ನ ಏನು ಹಾಕ್ತಿಯೋ ಹಾಕು, ಹಿತ್ತಲ ದಾಟಿಸಬ್ಯಾಡ" ಎಂದರು. ಲಾಳಿ ಆ ಪ್ಯಾಕೆಟ್ಟಿನ ಕಾಳನ್ನು ಎರಡು ಸಲ ಮೂಸಿ ನಿನ್ನ ಮೀನಿನ ತಟ್ಟೆಯ ಹತ್ತಿರ ಹೋಗಿ ಕೂತಳು.

ಪಾತ್ರೆಯ ಅಂಚಿನಲ್ಲಿ ಅಂಗಡಿಯವನು ಚುಕ್ಕಿಚುಕ್ಕಿಯಾಗಿ ಕೊರೆದದ್ದನ್ನು ಓದಿದೆ. ನನ್ನ ಹೆಸರು, ಅದರ ಪಕ್ಕ ನಿನ್ನ ಗೃಹಪ್ರವೇಶದ ತಾರೀಖು. ಅದರ ಬಗ್ಗೆ ಬರೆಯಲು ಇವತ್ತು ನನ್ನಿಂದ ಆಗುತ್ತಿಲ್ಲ.

ನಿನ್ನ
ಶಿವಬಸಮ್ಮ

•

ಮೊಳಕಾಲ್ಮೂರು
೨ ಆಗಸ್ಟ್ ೧೯೯೮

ಶಿವಬಸಮ್ಮಾ,

ಮೀನಿನ ಬಗ್ಗೆ ಒಂದು ಪುಟ, ಅತ್ತೆಯ ಬಗ್ಗೆ ಅರ್ಧ ಪುಟ, ಪಾತ್ರೆಯ ಬಗ್ಗೆ ಮೂರು ಸಾಲು. ನಿನ್ನಿಂದ ಆಗದಿದ್ದರೆ ನಾನೇ ಬರೆಯುತ್ತೇನೆ.

ಹನ್ನೆರಡು ವರ್ಷ ಬಾಡಿಗೆಗಿದ್ದು ಒಂದು ಸ್ವಂತ ಮನೆ ಕಟ್ಟಿದೆವು. ಗೃಹಪ್ರವೇಶಕ್ಕೆ ನೀನು ಬರುತ್ತೀಯ ಎಂದು ಎಂಟು ದಿನ ನನಗೆ ನಿದ್ದೆಯಿಲ್ಲ. ನಮ್ಮ ಮನೆಯಲ್ಲಿ ಮಾಂಸ ಬೇಯುತ್ತದೆ, ನೀನು ಉಣ್ಣಲಾರೆ ಎಂದು ಗೊತ್ತಿತ್ತು. ಅದಕ್ಕೇ ಹೊಸ ಪಾತ್ರೆ ತಂದೆ. ಆಮೇಲೆ ಯಾರೂ ಬಳಸಬಾರದು ಎಂದು ನಿನ್ನ ಹೆಸರು ಕೊರೆಸಿದೆ. ನಿಮ್ಮವಳೇ ಆದ ಕೆಂಚಕ್ಕನನ್ನು ಕರೆಸಿ, ಬೇರೆ ಒಲೆ ಹೂಡಿಸಿ ಹೋಳಿಗೆ, ಕಟ್ಟಿನ ಸಾರು ಮಾಡಿಸಿದೆ. ಆ ಒಲೆಯ ಹತ್ತಿರ ನಾನೂ ಸುಳಿಯಲಿಲ್ಲ. ನೀನು ಬಂದೆ, ಚಾಪೆಯ ಮೇಲೆ ಕೂತೆ, ಒಂದು ಬಾಳೆಹಣ್ಣು ಸುಲಿದು ತಿಂದೆ. ಹೊಟ್ಟೆ ತುಂಬಿದೆ ಎಂದೆ. ಹೋಗುವಾಗ ಕರಿಯವ್ವನ ಮರಿಯನ್ನು ಕೇಳಿ ತೆಗೆದುಕೊಂಡು ಹೋದೆ. ನನ್ನ ಮನೆಯ ಅನ್ನ ಬೇಡವಾಯಿತು, ಬೆಕ್ಕು ಬೇಕಾಯಿತು.

ಪಾತ್ರೆ ಎರಡು ವರ್ಷ ಅಟ್ಟದ ಮೇಲಿತ್ತು. ಕೆಳಗಿಳಿಸುವಾಗ ಅಳು ಬಂತು. ನೀನು ಉಣ್ಣದಿದ್ದರೆ ನಿನ್ನ ಬೆಕ್ಕಾದರೂ ಉಣ್ಣಲಿ ಎಂದು ಕಳಿಸಿದೆ. ಈಗ ಅದರಲ್ಲಿ ಮೀನು ಬೇಯುತ್ತಿದೆಯಲ್ಲ, ಇನ್ನು ಬರೆಯುವುದು ಏನಿದೆ.

ಲಾಳಿಯ ಸುದ್ದಿಯನ್ನು ಹನುಮಂತರಾಜುವಿನ ಕೈಲಿ ಬಾಯಿಮಾತಿನಲ್ಲೇ ಹೇಳಿ ಕಳಿಸು. ಕಾಗದ ಬೇಡ.

ರಾಧಮ್ಮ

•

ಚಳ್ಳಕೆರೆ
೧೨ ಅಕ್ಟೋಬರ್ ೧೯೯೮

ಪ್ರೀತಿಯ ರಾಧೆ,

ಕಾಗದ ಬೇಡ ಎಂದಿದ್ದೆ. ಆದರೂ ಮೂರು ಬರೆದು ಹರಿದೆ, ಇದು ನಾಲ್ಕನೆಯದು.

ಮೊದಲು ಲಾಳಿ. ಮಹಾಂತೇಶ್ ಡಾಕ್ಟರು ಮೊನ್ನೆ ಮತ್ತೆ ಟಾರ್ಚು ಬಿಟ್ಟು ನೋಡಿದರು. ಹೋದದ್ದು ಬರಲಿಲ್ಲ, ಉಳಿದದ್ದು ನಿಂತಿದೆ. ನೆರಳು, ಬೆಳಕು, ಅಲ್ಲಾಡುವ ವಸ್ತು ಕಾಣುತ್ತದಂತೆ. ಕಿಟಕಿಗೆ ಈಗ ನೇರವಾಗಿ ಹಾರುವುದಿಲ್ಲ. ಮೊದಲು ಶೇಂಗಾ ಮೂಟೆ, ಅಲ್ಲಿಂದ ಮೀಸೆ ಚಾಚಿ ಅಳೆದು ಕಿಟಕಿ. ಮೈಯ ಕೂದಲು ನಿಮ್ಮ ರೇಷ್ಮೆಯ ಹಾಗೆ ಹೊಳೆಯುತ್ತಿದೆ. ಗೋದಾಮಿನ ಬಾಗಿಲು ತೆಗೆದಿದ್ದೇನೆ, ಕಳೆದ ವಾರ ಒಂದು ಇಲಿ ಹಿಡಿದಳು. ತಂದು ಅತ್ತೆಯ ಕಾಲಿನ ಹತ್ತಿರವೇ ಇಟ್ಟಳು. ಅತ್ತೆ ಕಿರುಚಲಿಲ್ಲ. "ಕಣ್ಣು ಕಾಣದಿದ್ರೂ ಹಿಡಿದೈತಲ್ಲ" ಎಂದರು.

ಇನ್ನು ಆ ದಿನ. ಅತ್ತೆ ನನ್ನ ಜೊತೆ ಬಂದಿರಲಿಲ್ಲ, ಅವರ ಮೇಲೆ ಹಾಕಲಾರೆ. ತವರಿನ ಓಣಿಯ ಇಬ್ಬರು ಹೆಂಗಸರು ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಮಾತು ಚಳ್ಳಕೆರೆಗೆ ಹೋದೀತು ಎಂದು ಹೆದರಿದೆ, ಅಷ್ಟೇ. ಹೊಸ ಪಾತ್ರೆ, ಕೆಂಚಕ್ಕನ ಅಡುಗೆ ಎಂದು ನೀನು ಕಿವಿಯಲ್ಲಿ ಹೇಳಿದ್ದು ಕೇಳಿಸಿತ್ತು. ಹೂರಣದ ವಾಸನೆಯೂ ಬಂದಿತ್ತು. ಎಲ್ಲ ಗೊತ್ತಿದ್ದೂ ಬಾಳೆಹಣ್ಣು ಸುಲಿದೆ. ಬರಿಗೈಯಲ್ಲಿ ಹೊರಡಲು ಮನಸ್ಸಾಗದೆ ಮರಿ ಕೇಳಿದೆ. ನಿನ್ನ ಮನೆಯದು ಏನಾದರೂ ಒಂದು ನನ್ನ ಹತ್ತಿರ ಇರಲಿ ಅನ್ನಿಸಿತ್ತು. ತಳಕು ದಾಟುವವರೆಗೆ ಬುಟ್ಟಿಯಲ್ಲಿ ಅವಳು ಅಳುತ್ತಿದ್ದಳು, ಸೀಟಿನಲ್ಲಿ ನಾನು. ಹೊಟ್ಟೆ ಹಸಿದಿತ್ತು ರಾಧೆ. ತಪ್ಪು ನನ್ನದು. ಎರಡು ವರ್ಷ ಅದನ್ನು ಬರೆಯದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ಆ ಪಾತ್ರೆಯಲ್ಲಿ ಮೀನು ಬೇಯುತ್ತಿದೆ ಎಂದು ನೀನು ಅಂದುಕೊಂಡೆ, ನಾನು ಹಾಗೆ ಬರೆದಿರಲಿಲ್ಲ. ಒಲೆಗೆ ಇಡುವ ಮೊದಲೇ ನನ್ನ ಹೆಸರು ಓದಿದೆ, ಅದರಲ್ಲಿ ಮೀನು ಹಾಕಲು ಕೈ ಬರಲಿಲ್ಲ. ಲಾಳಿಗೆ ನಮ್ಮ ಮನೆಯ ಹಳೆಯ ಹಾಲಿನ ಪಾತ್ರೆ ಕೊಟ್ಟೆ. ನಿನ್ನದನ್ನು ಒಳಗೆ, ಅಡುಗೆಮನೆಗೆ ತಂದೆ. ಅಂದಿನಿಂದ ಈ ಮನೆಯ ಬೇಳೆ ಬೇಯುವುದು ಅದರಲ್ಲೇ. ಅತ್ತೆ ಅಂಚಿನ ಮೇಲೆ ಬೆರಳಾಡಿಸಿ ಯಾರು ಕೊಟ್ಟದ್ದು ಎಂದು ಕೇಳಿದರು. ನಮ್ಮ ರಾಧೆ ಎಂದೆ. ಪಾತ್ರೆಯನ್ನು ಮಗುಚಿ ನೋಡಿ, "ತಳ ದಪ್ಪ ಐತೆ. ಬೇಳೆ ಸೀದು ಹೋಗಲ್ಲ" ಎಂದರು. ಅವರ ಬಾಯಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬೇಡ. ನೀನು ಕೊಂಡ ಪಾತ್ರೆಯಲ್ಲಿ ನಾನು ಮೂರು ತಿಂಗಳಿಂದ ದಿನಾ ಉಣ್ಣುತ್ತಿದ್ದೇನೆ.

ದೀಪಾವಳಿ ಮುಗಿದ ಮೇಲೆ, ಇಪ್ಪತ್ನಾಲ್ಕನೇ ತಾರೀಖು ಶನಿವಾರ, ಲಾಳಿಯನ್ನು ಕರೆದುಕೊಂಡು ಬರುತ್ತೇನೆ. ಬಿಟ್ಟುಹೋಗಲು ಅಲ್ಲ, ತೋರಿಸಲು. ಮಧ್ಯಾಹ್ನದ ಊಟ ನಿನ್ನ ಮನೆಯಲ್ಲಿ. ಹೊಸ ಪಾತ್ರೆ ತರಬೇಡ. ಕೆಂಚಕ್ಕನನ್ನು ಕರೆಸಬೇಡ. ನೀನೇ ಮಾಡು, ನೀವು ದಿನಾ ಉಣ್ಣುವ ಪಾತ್ರೆಯಲ್ಲೇ ಮಾಡು. ಮೀನು ಮಾಂಸ ನಾನು ಮುಟ್ಟುವುದಿಲ್ಲ, ಅದು ನಿನಗೆ ಗೊತ್ತು. ಉಳಿದದ್ದೆಲ್ಲ ಉಣ್ಣುತ್ತೇನೆ. ಓಣಿಯವರು ನೋಡುವುದಿದ್ದರೆ ನೋಡಲಿ, ಬಾಗಿಲು ತೆರೆದೇ ಇಡು.

ನಿನ್ನ
ಶಿವಿ

•

ಮೊಳಕಾಲ್ಮೂರು
೧೬ ಅಕ್ಟೋಬರ್ ೧೯೯೮

ಶಿವಿ,

ಕಾರ್ಡಿನಲ್ಲಿ ಜಾಗ ಕಮ್ಮಿ. ಬಾ.

ಎಂಟೂವರೆಯ ಬಸ್ಸಿಗೆ ಹತ್ತು, ಹನುಮಂತರಾಜು ಮುಂದಿನ ಸೀಟು ಹಿಡಿದಿರುತ್ತಾನೆ. ಬುಟ್ಟಿಗೆ ನಿನ್ನ ಹಳೆಯ ಸೀರೆ ಹಾಸು, ವಾಸನೆ ಗೊತ್ತಿದ್ದರೆ ಲಾಳಿ ಹೆದರುವುದಿಲ್ಲ. ಮಗ್ಗದ ಗುಂಡಿಗೆ ಹಲಗೆ ಮುಚ್ಚಿಸಿದ್ದೇನೆ. ಯಜಮಾನರು ಒಂದು ದಿನದ ನೇಯ್ಗೆ ಹೋಯಿತು ಎಂದು ಗೊಣಗಿದರು, ಹಲಗೆಯನ್ನು ತಾವೇ ಹೊಂದಿಸಿಕೊಟ್ಟರು. ಅವಳಿಗೆ ಹಸಿಮೀನು ಹೇಳಿಟ್ಟಿದ್ದೇನೆ. ನಿನಗೆ ಹೋಳಿಗೆ. ಕಪ್ಪು ಹಿಡಿದ ನಮ್ಮ ಹಳೆಯ ಪಾತ್ರೆಯಲ್ಲೇ ಬೇಳೆ ಬೇಯುತ್ತದೆ, ಕೇಳಿದ್ದೀಯ, ಅನುಭವಿಸು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂದು ಮನೆಯಲ್ಲಿ ಒಂದೇ ಒಂದು ಬಾಳೆಹಣ್ಣು ಇಟ್ಟಿರುವುದಿಲ್ಲ.

ನಿನ್ನ
ರಾಧೆ